ಬಹು ಸುರುಳಿಗಳ ವಿದ್ಯುತ್ ಪರಿವರ್ತಕಗಳಲ್ಲಿ ಇಂಪೀಡೆನ್ಸ್ ಮೌಲ್ಯಗಳ ನಿಗದಿ: ಅರ್ಜಿದಾರರಿಗೆ ಮಾಹಿತಿ

ಕೈಗಾರಿಕೆ, ಆಸ್ಪತ್ರೆ, ಬಹುಮಹಡಿ ಕಟ್ಟಡ ಹಾಗೂ ಸೌರ ವಿದ್ಯುತ್ ಘಟಕಗಳಿಗಾಗಿ ಅಧಿಕ ವೋಲ್ಟೇಜಿನ ವಿದ್ಯುತ್ ಸ್ಥಾವರಗಳನ್ನು ಸ್ಥಾಪಿಸಲು ಇಚ್ಛಿಸುವವರು ನಕ್ಷೆಗಳ ಅನುಮೋದನೆಗೆ ಅರ್ಜಿ ಸಲ್ಲಿಸುವಾಗ, ಟ್ರಾನ್ಸ್‌ಫಾರ್ಮರ್ ಎಂದು ರೂಢಿಯಲ್ಲಿರುವ ವಿದ್ಯುತ್ ಪರಿವರ್ತಕದ ವಿವರಗಳನ್ನೂ ಒದಗಿಸುತ್ತಾರೆ. ಆ ವಿವರಗಳಲ್ಲಿ ‘ಶೇಕಡಾವಾರು ಇಂಪೀಡೆನ್ಸ್’ ಎಂಬುದೂ ಒಂದು. ಎರಡೇ ಸುರುಳಿಗಳುಳ್ಳ ಸಾಮಾನ್ಯ ಪರಿವರ್ತಕಕ್ಕೆ ಇಲ್ಲಿ ಒಂದು ಅಂಕಿಯನ್ನು ಬರೆದರೆ ಸಾಕಾಗುತ್ತದೆ. ಆದರೆ ಮೂರು, ನಾಲ್ಕು ಅಥವಾ ಐದು ಸುರುಳಿಗಳುಳ್ಳ ಪರಿವರ್ತಕಗಳಿಗೂ ಅರ್ಜಿದಾರರು ಒಂದೇ ಅಂಕಿಯನ್ನು ನಮೂದಿಸುತ್ತಿರುವುದು ಕಂಡುಬಂದಿದೆ. ಇಂತಹ ಅರ್ಜಿಗಳು ಸ್ಪಷ್ಟೀಕರಣಕ್ಕಾಗಿ ಹಿಂದಿರುಗುತ್ತವೆ. ಅರ್ಜಿ ಹಿಂದಿರುಗುವುದರಿಂದ ಕೆಲವು ವಾರಗಳ ವಿಳಂಬವಷ್ಟೇ ಆಗುತ್ತದೆ. ಆದರೆ ಆ ಒಂದೇ ಅಂಕಿಯನ್ನು ನಂಬಿ ಪರಿವರ್ತಕವನ್ನೂ ಬ್ರೇಕರುಗಳನ್ನೂ ಖರೀದಿಸಿದ್ದಲ್ಲಿ ಆಗುವ ನಷ್ಟ ಬೇರೆಯೇ ಸ್ವರೂಪದ್ದು. ಆದುದರಿಂದ ಈ ವಿಷಯವನ್ನು ತಾಂತ್ರಿಕ ಹಿನ್ನೆಲೆಯಿಲ್ಲದವರಿಗೂ ತಿಳಿಯುವಂತೆ ಇಲ್ಲಿ ವಿವರಿಸಲಾಗಿದೆ.

ಇಂಪೀಡೆನ್ಸ್ ಎಂದರೇನು

ಪರಿವರ್ತಕದ ಒಂದು ಸುರುಳಿಯ ತುದಿಗಳನ್ನು ಪರಸ್ಪರ ನೇರವಾಗಿ ಜೋಡಿಸಿ, ಅಂದರೆ ಶಾರ್ಟ್ ಮಾಡಿ, ಇನ್ನೊಂದು ಸುರುಳಿಗೆ ಸೊನ್ನೆಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ವೋಲ್ಟೇಜನ್ನು ಹೆಚ್ಚಿಸುತ್ತಾ ಹೋದರೆ, ಒಂದು ಹಂತದಲ್ಲಿ ಪೂರ್ಣ ನಿಗದಿತ ವಿದ್ಯುತ್ ಪ್ರವಾಹ ಹರಿಯತೊಡಗುತ್ತದೆ. ಆ ಹಂತದ ವೋಲ್ಟೇಜು ನಿಗದಿತ ವೋಲ್ಟೇಜಿನ ಶೇಕಡಾ ಎಷ್ಟೋ ಅದೇ ಆ ಪರಿವರ್ತಕದ ಶೇಕಡಾವಾರು ಇಂಪೀಡೆನ್ಸ್. ಶೇ. 5 ವೋಲ್ಟೇಜಿಗೆ ಪೂರ್ಣ ಪ್ರವಾಹ ಹರಿದರೆ, ಶೇ. 100 ವೋಲ್ಟೇಜಿನಲ್ಲಿ ಶಾರ್ಟ್ ಸರ್ಕ್ಯೂಟ್ ಸಂಭವಿಸಿದಾಗ ಅದರ 20 ಪಟ್ಟು ಪ್ರವಾಹ ಹರಿಯುತ್ತದೆ ಎಂಬುದು ಸರಳ ಗಣಿತ. 11 ಕೆ.ವಿ.ಯಿಂದ 433 ವೋಲ್ಟಿಗೆ ಇಳಿಸುವ 1000 ಕೆ.ವಿ.ಎ. ಪರಿವರ್ತಕದ ಪೂರ್ಣ ಪ್ರವಾಹ ಸುಮಾರು 1333 ಆಂಪಿಯರ್. ಶೇ. 5 ಇಂಪೀಡೆನ್ಸ್ ಇದ್ದಲ್ಲಿ, ಜಾಲದ ಕಡೆಯ ತಡೆಯನ್ನು ಬದಿಗಿರಿಸಿದರೆ, ಅದರ ಶಾರ್ಟ್ ಸರ್ಕ್ಯೂಟ್ ಪ್ರವಾಹ ಸುಮಾರು 26,700 ಆಂಪಿಯರ್; ಶೇ. 4 ಇದ್ದಲ್ಲಿ ಸುಮಾರು 33,300 ಆಂಪಿಯರ್. ಒಂದೇ ಒಂದು ಶೇಕಡಾ ವ್ಯತ್ಯಾಸಕ್ಕೆ ಆರು ಸಾವಿರಕ್ಕೂ ಮಿಕ್ಕಿದ ಆಂಪಿಯರುಗಳ ಅಂತರ ಬರುವುದನ್ನು ಗಮನಿಸಬೇಕು. ಪ್ರವಾಹವನ್ನು ಕಡಿಯಬೇಕಾದ ಬ್ರೇಕರಿನ ಸಾಮರ್ಥ್ಯವನ್ನು ನಿರ್ಧರಿಸುವುದು ಈ ಅಂಕಿಯೇ.

ಹಾಗಾದರೆ ಇಂಪೀಡೆನ್ಸ್ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಹಾಗೆ ಹೇಳಲಾಗದು. ಇಂಪೀಡೆನ್ಸ್ ಹೆಚ್ಚಿದಂತೆ, ಹೊರೆ ಏರಿದಾಗ ವೋಲ್ಟೇಜಿನ ಕುಸಿತವೂ ಹೆಚ್ಚುತ್ತದೆ. ಪವರ್ ಫ್ಯಾಕ್ಟರ್ 0.8 ಇರುವ ಪೂರ್ಣ ಹೊರೆಯಲ್ಲಿ, ಶೇ. 4 ಇಂಪೀಡೆನ್ಸಿನ ಪರಿವರ್ತಕದಲ್ಲಿ ಸುಮಾರು ಶೇ. 3ರಷ್ಟು ವೋಲ್ಟೇಜ್ ಕುಸಿದರೆ, ಶೇ. 8 ಇರುವುದರಲ್ಲಿ ಸುಮಾರು ಶೇ. 5.5ರಷ್ಟು ಕುಸಿಯುತ್ತದೆ. 433 ವೋಲ್ಟಿನಲ್ಲಿ ಇದು ಕ್ರಮವಾಗಿ ಸುಮಾರು 13 ಮತ್ತು 24 ವೋಲ್ಟು. ದೊಡ್ಡ ಮೋಟಾರುಗಳನ್ನು ಚಾಲೂ ಮಾಡುವ ಕಾರ್ಖಾನೆಗಳಿಗೆ ಈ ಅಂತರ ಸಣ್ಣದಲ್ಲ. ಎರಡು ಪರಿವರ್ತಕಗಳನ್ನು ಸಮಾನಾಂತರವಾಗಿ ನಡೆಸುವವರಿಗೆ ಇನ್ನೊಂದು ತೊಡಕೂ ಇದೆ. ತಲಾ 500 ಕೆ.ವಿ.ಎ.ಯ ಎರಡು ಪರಿವರ್ತಕಗಳಲ್ಲಿ ಒಂದು ಶೇ. 4, ಮತ್ತೊಂದು ಶೇ. 5 ಇದ್ದರೆ, ಮೊದಲನೆಯದು ತನ್ನ 500 ಕೆ.ವಿ.ಎ. ಮುಟ್ಟಿದಾಗ ಎರಡನೆಯದು 400ರಲ್ಲೇ ಇರುತ್ತದೆ. ಸಾವಿರ ಕೆ.ವಿ.ಎ.ಗೆ ಹಣ ಕೊಟ್ಟು ಒಂಬೈನೂರನ್ನು ಬಳಸಿದಂತಾಯಿತು.

ಈ ಮೌಲ್ಯ ಎಲ್ಲಿಂದ ಬರುತ್ತದೆ

ಇಂಪೀಡೆನ್ಸ್ ಎಂಬುದು ಪರಿವರ್ತಕಕ್ಕೆ ಕೊನೆಯಲ್ಲಿ ಸೇರಿಸುವ ಬಿಡಿಭಾಗವಲ್ಲ. ಸುರುಳಿಗಳನ್ನು ಸುತ್ತುವ ರೀತಿಯಲ್ಲೇ ಅದು ಅಡಗಿರುತ್ತದೆ. ಒಂದು ಸುರುಳಿಯು ಉಂಟುಮಾಡುವ ಕಾಂತೀಯ ಹರಿವಿನ ಬಹುಪಾಲು ಕೋರ್ ಎನ್ನಲಾಗುವ ಉಕ್ಕಿನ ತಿರುಳಿನ ಮೂಲಕ ಸಾಗಿ ಇನ್ನೊಂದು ಸುರುಳಿಯನ್ನು ಸುತ್ತುವರಿಯುತ್ತದೆ. ಅಲ್ಪ ಭಾಗ ಮಾತ್ರ ಎರಡು ಸುರುಳಿಗಳ ನಡುವಣ ತೆರಪಿನಲ್ಲಿ ಹಾದು, ಇನ್ನೊಂದು ಸುರುಳಿಯನ್ನು ಪೂರ್ಣವಾಗಿ ತಲಪದೆ ಹಿಂದಿರುಗುತ್ತದೆ. ಇದನ್ನು ಸೋರಿಕೆ ಹರಿವು ಎನ್ನುತ್ತಾರೆ. ದೊಡ್ಡ ಪರಿವರ್ತಕಗಳಲ್ಲಿ ಇಂಪೀಡೆನ್ಸಿನ ಬಹುಪಾಲು ಈ ಸೋರಿಕೆಯಿಂದಲೇ ಹುಟ್ಟುವಂಥದು. ತಂತಿಯ ರೋಧದ ಪಾಲು ಅತ್ಯಲ್ಪ.

ಆದುದರಿಂದ ವಿನ್ಯಾಸಕಾರರ ಕೈಯಲ್ಲಿರುವ ಹಿಡಿತಗಳೆಲ್ಲ ಅಳತೆಗಳಿಗೆ ಸಂಬಂಧಿಸಿದವು. ಎರಡು ಸುರುಳಿಗಳ ನಡುವಣ ತೆರಪಿಗೆ ಎರಡೂ ಸುರುಳಿಗಳ ದಪ್ಪದ ಮೂರನೆಯ ಒಂದು ಭಾಗವನ್ನು ಕೂಡಿಸಿದರೆ ಸೋರಿಕೆಗೆ ದೊರೆಯುವ ದಾರಿಯ ಅಗಲ ಸಿಗುತ್ತದೆ. ಈ ಅಗಲ ಹೆಚ್ಚಿದಂತೆ ಇಂಪೀಡೆನ್ಸ್ ಏರುತ್ತದೆ. ಸುರುಳಿಯ ಎತ್ತರ ಹೆಚ್ಚಿದಂತೆ ಇಳಿಯುತ್ತದೆ. ಉದಾಹರಣೆಗೆ, ತೆರಪು 30 ಮಿ.ಮೀ., ಸುರುಳಿಗಳ ದಪ್ಪ ತಲಾ 45 ಮಿ.ಮೀ. ಇದ್ದರೆ ದಾರಿಯ ಅಗಲ 60 ಮಿ.ಮೀ. ಆಗುತ್ತದೆ. ತೆರಪನ್ನು ಕೇವಲ 10 ಮಿ.ಮೀ. ಹೆಚ್ಚಿಸಿದರೆ ಶೇ. 7 ಇದ್ದ ಇಂಪೀಡೆನ್ಸ್ ಸುಮಾರು ಶೇ. 8.2ಕ್ಕೆ ಏರುತ್ತದೆ. ಒಂದು ಬೆರಳಿನ ಅಗಲಕ್ಕಿಂತಲೂ ಕಡಿಮೆ ಅಂತರಕ್ಕೆ ಇಷ್ಟು ಬದಲಾವಣೆ.

ಇವೆಲ್ಲಕ್ಕಿಂತ ಬಲವಾದ ಹಿಡಿತ ಪ್ರತಿ ಸುತ್ತಿನ ವೋಲ್ಟೇಜ್. ಅದೇ ಸಾಮರ್ಥ್ಯದ ಪರಿವರ್ತಕದಲ್ಲಿ ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸಿ ಪ್ರತಿ ಸುತ್ತಿನ ವೋಲ್ಟೇಜನ್ನು ತಗ್ಗಿಸಿದರೆ, ಇಂಪೀಡೆನ್ಸು ಆ ವೋಲ್ಟೇಜಿನ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಆದರೆ ಪ್ರತಿಯೊಂದು ಹಿಡಿತಕ್ಕೂ ಒಂದು ಬೆಲೆಯುಂಟು. ಸುತ್ತು ಹೆಚ್ಚಿದರೆ ಉಕ್ಕು ಉಳಿದು ತಾಮ್ರ ಹೆಚ್ಚುತ್ತದೆ; ತೆರಪು ಹೆಚ್ಚಿದರೆ ತೊಟ್ಟಿಯೂ ಎಣ್ಣೆಯೂ ಹೆಚ್ಚುತ್ತವೆ; ಸೋರಿಕೆ ಹೆಚ್ಚಿದರೆ ತೊಟ್ಟಿಯ ಗೋಡೆಗಳು ಹಾಗೂ ಕಬ್ಬಿಣದ ಪಟ್ಟಿಗಳಲ್ಲಿ ಬಿಸಿಯಾಗಿ ವ್ಯರ್ಥವಾಗುವ ವಿದ್ಯುತ್ತೂ ಹೆಚ್ಚುತ್ತದೆ. ಖರೀದಿದಾರರು ಅಧಿಕ ಇಂಪೀಡೆನ್ಸನ್ನೂ ಅಲ್ಪ ನಷ್ಟವನ್ನೂ ಕಡಿಮೆ ಬೆಲೆಯನ್ನೂ ಒಟ್ಟಿಗೇ ಕೇಳಿದಾಗ ತಯಾರಕರು ನಸುನಕ್ಕು ಸುಮ್ಮನಾಗುವುದಕ್ಕೆ ಕಾರಣ ಇದೇ.

ಸುರುಳಿಗಳು ಎರಡಕ್ಕಿಂತ ಹೆಚ್ಚಾದಾಗ

ಮೇಲೆ ಹೇಳಿದ ಪರೀಕ್ಷೆಯಲ್ಲಿ ಒಂದು ಸುರುಳಿಗೆ ವಿದ್ಯುತ್ ನೀಡಿ ಮತ್ತೊಂದನ್ನು ಶಾರ್ಟ್ ಮಾಡಲಾಯಿತು. ಮೂರನೆಯ ಸುರುಳಿಯಿದ್ದಲ್ಲಿ ಯಾವುದಕ್ಕೆ ನೀಡಿ ಯಾವುದನ್ನು ಶಾರ್ಟ್ ಮಾಡಬೇಕು? ಉತ್ತರ: ಪ್ರತಿಯೊಂದು ಜೋಡಿಗೂ ಬೇರೆ ಬೇರೆಯಾಗಿ, ಉಳಿದ ಸುರುಳಿಯನ್ನು ತೆರೆದಿಟ್ಟು ಪರೀಕ್ಷಿಸಬೇಕು. ಮೂರು ಸುರುಳಿಗಳಿಗೆ ಮೂರು ಜೋಡಿಗಳು, ನಾಲ್ಕಕ್ಕೆ ಆರು, ಐದಕ್ಕೆ ಹತ್ತು. ಒಂದು ಅಧಿಕ ವೋಲ್ಟೇಜ್ ಸುರುಳಿ ಹಾಗೂ ನಾಲ್ಕು ಕಡಿಮೆ ವೋಲ್ಟೇಜ್ ಸುರುಳಿಗಳುಳ್ಳ ಪರಿವರ್ತಕಗಳು ಸೌರ ಘಟಕಗಳಲ್ಲಿ ಬಳಕೆಯಲ್ಲಿವೆ. ಅಂತಹ ಪರಿವರ್ತಕಕ್ಕೆ ‘ಇಂಪೀಡೆನ್ಸ್ ಶೇ. 7’ ಎಂದಷ್ಟೇ ಬರೆಯುವುದು, ಹತ್ತು ಖಾತೆಗಳುಳ್ಳ ಗ್ರಾಹಕರು ‘ಬಾಕಿ ಇಷ್ಟು’ ಎಂದು ಒಂದೇ ಮೊತ್ತವನ್ನು ಹೇಳಿ ಯಾವ ಖಾತೆಯೆಂದು ತಿಳಿಸದಂತೆ.

ಎರಡನೆಯ ಗೊಂದಲ ಆಧಾರ ಸಾಮರ್ಥ್ಯದ್ದು. ಈ ಲೇಖಕನು ವಾಣಿಜ್ಯ ಪದವೀಧರನಾದ್ದರಿಂದ ಇದನ್ನು ಮೊದಲು ಅರ್ಥಮಾಡಿಕೊಂಡದ್ದು ಬಡ್ಡಿಯ ಲೆಕ್ಕದ ಮೂಲಕವೇ. ಶೇ. 8ರ ಬಡ್ಡಿ ಎಂದರೆ ಎಷ್ಟು ರೂಪಾಯಿ ಎಂಬುದು ಅಸಲು ತಿಳಿಯದೆ ಗೊತ್ತಾಗದು. ಅಂತೆಯೇ ಶೇಕಡಾವಾರು ಇಂಪೀಡೆನ್ಸಿಗೂ ಒಂದು ಅಸಲು ಉಂಟು, ಅದೇ ಕೆ.ವಿ.ಎ. ಸಾಮರ್ಥ್ಯ. 2500 ಕೆ.ವಿ.ಎ.ಯ ಪರಿವರ್ತಕದಲ್ಲಿ ತಲಾ 1250 ಕೆ.ವಿ.ಎ.ಯ ಎರಡು ಕಡಿಮೆ ವೋಲ್ಟೇಜ್ ಸುರುಳಿಗಳಿದ್ದರೆ, 1250ರ ಆಧಾರದಲ್ಲಿ ಶೇ. 7 ಎಂಬುದೂ 2500ರ ಆಧಾರದಲ್ಲಿ ಶೇ. 14 ಎಂಬುದೂ ಒಂದೇ. ಆಧಾರವನ್ನು ಬರೆಯದಿದ್ದಲ್ಲಿ ಓದುವವರು ತಮಗೆ ತೋಚಿದ ಆಧಾರವನ್ನು ಹಿಡಿಯುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 33 ಕೆ.ವಿ.ಯ ಒಂದು ಸುರುಳಿ ಹಾಗೂ 660 ವೋಲ್ಟಿನ ಎರಡು ಸುರುಳಿಗಳುಳ್ಳ ಈ 2500 ಕೆ.ವಿ.ಎ. ಪರಿವರ್ತಕವನ್ನೇ ತೆಗೆದುಕೊಳ್ಳಿ. ಎರಡೂ 660 ವೋಲ್ಟ್ ಸುರುಳಿಗಳನ್ನು ಒಟ್ಟಿಗೆ ಶಾರ್ಟ್ ಮಾಡಿ ಅಳೆದಾಗ ಶೇ. 7 ಬಂದಿತೆನ್ನಿ. ಈ ಶೇ. 7ನ್ನು ಎರಡು ವಿಭಿನ್ನ ರೀತಿಗಳಲ್ಲಿ ಸಾಧಿಸಬಹುದು. ಒಂದು ರೀತಿಯಲ್ಲಿ, ಎರಡು ಕಡಿಮೆ ವೋಲ್ಟೇಜ್ ಸುರುಳಿಗಳನ್ನು ಕೋರಿನ ಕಂಬದ ಮೇಲೆ ಒಂದರ ಮೇಲೊಂದರಂತೆ ಇರಿಸಿ, ಅಧಿಕ ವೋಲ್ಟೇಜ್ ಸುರುಳಿಯನ್ನೂ ಎರಡು ಸಮಾನಾಂತರ ಭಾಗಗಳಾಗಿ ಅವುಗಳ ಎದುರಿಗೆ ನಿಲ್ಲಿಸಲಾಗುತ್ತದೆ. ಆಗ ಎರಡು ಅರ್ಧಗಳು ಬಹುಮಟ್ಟಿಗೆ ಎರಡು ಸ್ವತಂತ್ರ ಪರಿವರ್ತಕಗಳಂತೆ ವರ್ತಿಸುತ್ತವೆ. ಒಂದು ಸುರುಳಿಯನ್ನಷ್ಟೇ ಶಾರ್ಟ್ ಮಾಡಿ ಅಳೆದರೆ 2500ರ ಆಧಾರದಲ್ಲಿ ಶೇ. 14ರ ಸಮೀಪ ಬರುತ್ತದೆ. ಇನ್ನೊಂದು ರೀತಿಯಲ್ಲಿ, ಎರಡು ಸುರುಳಿಗಳನ್ನು ಒಂದರೊಳಗೊಂದು ಹೆಣೆದಂತೆ ಸುತ್ತಲಾಗುತ್ತದೆ. ಅವುಗಳ ನಡುವೆ ಸೋರಿಕೆಗೆ ಜಾಗವೇ ಇರುವುದಿಲ್ಲ. ಒಂದನ್ನು ಶಾರ್ಟ್ ಮಾಡಿದರೂ ಎರಡನ್ನು ಶಾರ್ಟ್ ಮಾಡಿದರೂ ಶೇ. 7ರ ಸಮೀಪವೇ ಬರುತ್ತದೆ.

ಒಂದು 660 ವೋಲ್ಟ್ ಸುರುಳಿಯ ತುದಿಯಲ್ಲಿ ಶಾರ್ಟ್ ಸರ್ಕ್ಯೂಟ್ ಸಂಭವಿಸಿದರೆ, ಜಾಲದ ಕಡೆಯಿಂದ ಮೊದಲನೆಯ ಪರಿವರ್ತಕದಲ್ಲಿ ಸುಮಾರು 15,600 ಆಂಪಿಯರ್, ಎರಡನೆಯದರಲ್ಲಿ ಸುಮಾರು 31,200 ಆಂಪಿಯರ್ ಹರಿಯುತ್ತದೆ. ಅಂಕಿ ಒಂದೇ, ಪ್ರವಾಹ ಎರಡು ಪಟ್ಟು. ಸುರುಳಿಗಳನ್ನು ಹಿಂಡುವ ಯಾಂತ್ರಿಕ ಬಲವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಬಲ ನಾಲ್ಕು ಪಟ್ಟು. ಇವೆರಡೂ ಕೊನೆಯ ಅಂಚುಗಳು. ನಿಜವಾದ ಪರಿವರ್ತಕಗಳು ಇವುಗಳ ನಡುವೆ ಎಲ್ಲೋ ಇರುತ್ತವೆ. ಎಲ್ಲಿವೆ ಎಂಬುದನ್ನು ಮಾತ್ರ ‘ಶೇ. 7’ ಎಂಬ ಅಂಕಿ ಹೇಳುವುದಿಲ್ಲ.

ಇದು ಕಾಗದದ ಮೇಲಿನ ಚರ್ಚೆಯಲ್ಲ. ಸೌರ ಘಟಕವೊಂದರ ಅರ್ಜಿದಾರರು ಇದೇ ಬಗೆಯ ಪರಿವರ್ತಕಕ್ಕೆ ಆದೇಶ ನೀಡುವಾಗ ‘ಇಂಪೀಡೆನ್ಸ್ ಶೇ. 7’ ಎಂದಷ್ಟೇ ಬರೆದಿದ್ದರು. ಪ್ರತಿ ಸುರುಳಿಗೂ ಅದರ ಸ್ವಂತ 1250 ಕೆ.ವಿ.ಎ. ಆಧಾರದಲ್ಲಿ ಶೇ. 7 ಎಂಬುದು ಅವರ ಸಲಹೆಗಾರರ ಎಣಿಕೆ. ಅದರಂತೆ 15,600 ಆಂಪಿಯರುಗಳ ಲೆಕ್ಕ ಹಾಕಿ, 20 ಕಿಲೋ ಆಂಪಿಯರ್ ಸಾಮರ್ಥ್ಯದ ಬ್ರೇಕರುಗಳನ್ನು ಖರೀದಿಸಲಾಗಿತ್ತು. ತಯಾರಕರು ಎರಡು ಸುರುಳಿಗಳನ್ನು ಒಟ್ಟಿಗೆ ಲೆಕ್ಕಹಿಡಿದು 2500ರ ಆಧಾರದಲ್ಲಿ ಶೇ. 7 ಕೊಟ್ಟಿದ್ದರು; ಆದೇಶದ ಪ್ರಕಾರ ಅವರದೂ ತಪ್ಪಲ್ಲ. ಪರೀಕ್ಷಾ ವರದಿಯನ್ನು ಪರಿಶೀಲಿಸಿದಾಗ, ಒಂದು ಸುರುಳಿಗೆ ಅದೇ ಆಧಾರದಲ್ಲಿ ಶೇ. 9 ಮಾತ್ರ ಇರುವುದು ತಿಳಿಯಿತು. ಅಂದರೆ ಸುಮಾರು 24,300 ಆಂಪಿಯರ್. ಜಾಲದ ತಡೆಯನ್ನು ಸೇರಿಸಿ ಲೆಕ್ಕ ಹಾಕಿದಾಗಲೂ ಅದು 20 ಸಾವಿರದೊಳಗೆ ಬರಲಿಲ್ಲ. ಪರಿವರ್ತಕವನ್ನು ಬಿಚ್ಚಿ ಸುರುಳಿಗಳನ್ನು ದೂರ ಸರಿಸುವಂತಿಲ್ಲ, ಬ್ರೇಕರುಗಳನ್ನೇ ಬದಲಾಯಿಸಬೇಕಾಯಿತು. ಬದಲಿ ಬ್ರೇಕರುಗಳು ಬಂದು ಸೇರುವವರೆಗೂ ಫಲಕಗಳು ಬಿಸಿಲಿನಲ್ಲಿ ನಿಂತೇ ಇದ್ದವು, ವಿದ್ಯುತ್ ಮಾತ್ರ ಹರಿಯಲಿಲ್ಲ. ಕಡತದಲ್ಲಿ ನೋಡಿದರೆ ಇಡೀ ಪ್ರಕರಣಕ್ಕೆ ಕಾರಣ ಒಂದು ಸಾಲು ಕಡಿಮೆ ಬರೆದದ್ದು.

ಸೌರ ಘಟಕಗಳಲ್ಲಿ ಈ ಎಚ್ಚರ ಏಕೆ ಹೆಚ್ಚು ಬೇಕು

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರಲ್ಲಿ ಪೂರ್ಣಗೊಂಡ ನಂತರ, ರಾಜ್ಯದ ಒಣ ಪ್ರದೇಶಗಳ ಜನರಿಗೆ ಸೌರ ಘಟಕದ ಇನ್ವರ್ಟರು, ಪರಿವರ್ತಕಗಳು ಅಪರಿಚಿತವಾಗಿ ಉಳಿದಿಲ್ಲ. ಪ್ರತಿ ಇನ್ವರ್ಟರಿಗೂ ಒಂದೊಂದು ಪರಿವರ್ತಕ ಇಡುವ ಬದಲು, ಹಲವು ಇನ್ವರ್ಟರುಗಳನ್ನು ಒಂದೇ ಪರಿವರ್ತಕದ ಬೇರೆ ಬೇರೆ ಸುರುಳಿಗಳಿಗೆ ಜೋಡಿಸುವುದರಿಂದ ಜಾಗ, ತೊಟ್ಟಿ, ಅಧಿಕ ವೋಲ್ಟೇಜಿನ ಸ್ವಿಚ್ಚುಗಳ ವೆಚ್ಚ ಉಳಿಯುತ್ತದೆ. ಆದರೆ ಇನ್ವರ್ಟರುಗಳು ಒಂದಕ್ಕೊಂದು ತೊಂದರೆ ಕೊಡಬಾರದು. ಎರಡು ಮನೆಗಳಿಗೆ ಒಂದೇ ಕೊಳಾಯಿಯಿಂದ ನೀರು ಬರುತ್ತಿದ್ದು ಪಕ್ಕದವರು ನಲ್ಲಿ ತಿರುಗಿಸಿದೊಡನೆ ನಮ್ಮಲ್ಲಿ ಧಾರೆ ಸಣ್ಣಗಾಗುವುದು ಎಲ್ಲರಿಗೂ ತಿಳಿದ ಸಂಗತಿ. ಸಾಮಾನ್ಯ ಕೊಳವೆ ಉದ್ದವಾಗಿದ್ದಷ್ಟೂ ಈ ತೊಂದರೆ ಹೆಚ್ಚು. ಬೀದಿಯ ದೊಡ್ಡ ಕೊಳವೆಯಿಂದಲೇ ಪ್ರತ್ಯೇಕ ಕವಲು ಪಡೆದಿದ್ದರೆ ಕಡಿಮೆ. ಪರಿವರ್ತಕದಲ್ಲಿಯೂ ಇಂಪೀಡೆನ್ಸಿನ ಒಂದು ಪಾಲು ಎಲ್ಲ ಸುರುಳಿಗಳಿಗೂ ಸಾಮಾನ್ಯ, ಇನ್ನೊಂದು ಪಾಲು ಪ್ರತಿ ಸುರುಳಿಗೆ ಸ್ವಂತ. ಇನ್ವರ್ಟರುಗಳಿಗೆ ಬೇಕಾದದ್ದು ಸಾಮಾನ್ಯ ಪಾಲು ಕಡಿಮೆಯಾಗಿ ಸ್ವಂತ ಪಾಲು ಹೆಚ್ಚಾಗಿರುವ ಪರಿವರ್ತಕ. ಅಂದರೆ ಕಡಿಮೆ ವೋಲ್ಟೇಜ್ ಸುರುಳಿಗಳ ಪರಸ್ಪರ ಇಂಪೀಡೆನ್ಸ್ ಅಧಿಕವಾಗಿರಬೇಕು.

ಮೇಲಿನ ಪ್ರಕರಣದ ಅಂಕಿಗಳಿಂದಲೇ ಈ ಪಾಲುಗಳನ್ನು ತಿಳಿಯಬಹುದು. ಒಟ್ಟಿಗೆ ಶೇ. 7, ಒಂದಕ್ಕೆ ಶೇ. 9 ಎಂದರೆ ಸಾಮಾನ್ಯ ಪಾಲು ಶೇ. 5, ಪ್ರತಿ ಸುರುಳಿಯ ಸ್ವಂತ ಪಾಲು ಶೇ. 4, ಸುರುಳಿಗಳ ಪರಸ್ಪರ ಇಂಪೀಡೆನ್ಸ್ ಎರಡು ಸ್ವಂತ ಪಾಲುಗಳ ಮೊತ್ತವಾದ ಶೇ. 8. ಒಂದರ ಮೇಲೊಂದು ಸುರುಳಿಗಳನ್ನು ಇರಿಸಿದ ಪರಿವರ್ತಕದಲ್ಲಿ ಇದು ಶೇ. 28ರ ಸಮೀಪ ಹೋಗುತ್ತದೆ. ನಾಲ್ಕು ಸುರುಳಿಗಳನ್ನು ಹೀಗೆ ಪೇರಿಸಿದಾಗ ಅಕ್ಕಪಕ್ಕದವುಗಳ ಪರಸ್ಪರ ಮೌಲ್ಯ ಕಡಿಮೆಯಾಗಿಯೂ ದೂರದವುಗಳದು ಹೆಚ್ಚಾಗಿಯೂ ಬರುವುದರಿಂದ, ಎಲ್ಲ ಜೋಡಿಗಳೂ ಸಮನಾಗಿರಲೆಂದು ಕೇಳುವುದು ವ್ಯವಹಾರ್ಯವಲ್ಲ. ಅಧಿಕ ವೋಲ್ಟೇಜ್ ಸುರುಳಿಯಿಂದ ಪ್ರತಿಯೊಂದಕ್ಕೂ ಸಮನಾಗಿರಲಿ, ಪರಸ್ಪರ ಮೌಲ್ಯ ಇಷ್ಟಕ್ಕಿಂತ ಕಡಿಮೆಯಾಗದಿರಲಿ ಎಂದು ಕೇಳುವುದು ಸರಿಯಾದ ಕ್ರಮ. ಒಂದೇ ತೊಟ್ಟಿಯೊಳಗೆ ಎರಡು ಪ್ರತ್ಯೇಕ ಕೋರುಗಳನ್ನಿರಿಸಿ ಇದನ್ನು ಸಾಧಿಸುವುದೂ ಉಂಟು. ವೆಚ್ಚ ಅದಕ್ಕೆ ತಕ್ಕಂತೆ.

ಮೂರು ವೋಲ್ಟೇಜುಗಳ ಪರಿವರ್ತಕ ಮತ್ತು ‘ಋಣ’ ಇಂಪೀಡೆನ್ಸ್

ದೊಡ್ಡ ಉಪಕೇಂದ್ರಗಳಲ್ಲಿ ಮೂರು ಬೇರೆ ಬೇರೆ ವೋಲ್ಟೇಜುಗಳ ಸುರುಳಿಗಳಿರುತ್ತವೆ. 400/220/33 ಕೆ.ವಿ.ಯ ಆಟೋ ಪರಿವರ್ತಕಗಳಿಗೆ ಕೇಳಲಾಗುವ ಮೌಲ್ಯಗಳ ಒಂದು ಮಾದರಿ ಹೀಗಿದೆ: 400 ಮತ್ತು 220ರ ನಡುವೆ ಶೇ. 12.5, 400 ಮತ್ತು 33ರ ನಡುವೆ ಶೇ. 45, 220 ಮತ್ತು 33ರ ನಡುವೆ ಶೇ. 30, ಎಲ್ಲವೂ ಒಂದೇ ಆಧಾರದಲ್ಲಿ. ಮೂರನೆಯ 33 ಕೆ.ವಿ. ಸುರುಳಿ ಚಿಕ್ಕದು. ಅಸಮ ಹೊರೆಯನ್ನು ಸಮದೂಗಿಸಲು, ಮೂರನೆಯ ಹಾರ್ಮೋನಿಕ್ ಪ್ರವಾಹಕ್ಕೆ ದಾರಿ ಕೊಡಲು ಹಾಗೂ ಕೆಲವೆಡೆ ಉಪಕೇಂದ್ರದ ಸ್ವಂತ ಬಳಕೆಗೆ ಅದನ್ನಿಡುತ್ತಾರೆ. ಅದರ ತುದಿಯಲ್ಲಿ ದೋಷ ಸಂಭವಿಸಿದಾಗ ಜಾಲದ ಸಮಸ್ತ ಶಕ್ತಿಯೂ ಆ ಚಿಕ್ಕ ಸುರುಳಿಯ ಮೇಲೆ ಎರಗಬಾರದೆಂದೇ ಅದಕ್ಕೆ ಶೇ. 30, 45ರಂತಹ ಅಧಿಕ ಮೌಲ್ಯಗಳು.

ಈ ಮೂರು ಅಂಕಿಗಳಿಂದ ಪ್ರತಿ ಸುರುಳಿಯ ಸ್ವಂತ ಪಾಲನ್ನು ತೆಗೆಯುವ ವಿಧಾನ ಸುಲಭ: ಆ ಸುರುಳಿಯಿರುವ ಎರಡು ಜೋಡಿಗಳನ್ನು ಕೂಡಿಸಿ, ಅದಿಲ್ಲದ ಜೋಡಿಯನ್ನು ಕಳೆದು, ಅರ್ಧ ಮಾಡುವುದು. 400ರ ಪಾಲು 13.75; 33ರ ಪಾಲು 31.25, 220ರ ಪಾಲು ಮಾತ್ರ 1.25 ಋಣ. ಲೆಕ್ಕ ತಪ್ಪಿತೆಂದು ಭಾವಿಸಿ ಕೆಲವರು ಋಣ ಚಿಹ್ನೆಯನ್ನು ಅಳಿಸಿ ಕಳುಹಿಸುವುದುಂಟು. ಅಳಿಸಬಾರದು. 220ರ ಸುರುಳಿ ಉಳಿದೆರಡರ ನಡುವೆ ಇರುವುದರಿಂದ ಹೀಗಾಗುತ್ತದೆ. ಹೊರಗಿನ ಎರಡು ಸುರುಳಿಗಳ ನಡುವೆ ಅಳೆಯುವಾಗ ಸೋರಿಕೆ ಹರಿವಿಗೆ ನಡುವಿನ ಸುರುಳಿಯ ಪೂರ್ತಿ ದಪ್ಪವೂ ದಾರಿಯಾಗುತ್ತದೆ. ಅದನ್ನೇ ಜೋಡಿಯ ಭಾಗವಾಗಿ ಎರಡು ಬಾರಿ ಅಳೆದಾಗ ಪ್ರತಿ ಬಾರಿಯೂ ಮೂರನೆಯ ಒಂದು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹೊರ ಜೋಡಿಯ ಮೌಲ್ಯವು ಉಳಿದೆರಡರ ಮೊತ್ತಕ್ಕಿಂತ ತುಸು ಹೆಚ್ಚಾಗಿಯೇ ಇರುತ್ತದೆ. ಇಲ್ಲಿ 12.5 ಮತ್ತು 30 ಸೇರಿ 42.5, ಹೊರ ಜೋಡಿ 45.

ಇದರಿಂದ ಹೊರಡುವ ವ್ಯಾವಹಾರಿಕ ಸಂಗತಿ ಮುಖ್ಯವಾದುದು. ಮೂರು ಮೌಲ್ಯಗಳನ್ನೂ ಖರೀದಿದಾರರು ಇಚ್ಛೆ ಬಂದಂತೆ ಆಯ್ದುಕೊಳ್ಳಲಾಗದು. ಎರಡನ್ನು ನಿಗದಿಪಡಿಸಿದರೆ ಮೂರನೆಯದು ಬಹುಮಟ್ಟಿಗೆ ಸುರುಳಿಗಳ ಅನುಕ್ರಮದಿಂದಲೇ ತೀರ್ಮಾನವಾಗಿಬಿಡುತ್ತದೆ. ಕೇಳಿದ ಮೌಲ್ಯಗಳು ಹೊಂದದಿದ್ದಲ್ಲಿ ವಿನ್ಯಾಸಕಾರರು ಮೊದಲು ಅನುಕ್ರಮವನ್ನು ಬದಲಾಯಿಸಿ ನೋಡುತ್ತಾರೆ: ಯಾವ ಎರಡರ ನಡುವೆ ಅಧಿಕ ಇಂಪೀಡೆನ್ಸ್ ಬೇಕೋ ಅವೆರಡನ್ನು ಒಳಗಿನ ಹಾಗೂ ಹೊರಗಿನ ತುದಿಗಳಿಗೆ ಸರಿಸುವುದು. ಅದೂ ಸಾಲದಾದಲ್ಲಿ ಒಂದು ಸುರುಳಿಯನ್ನು ಎರಡು ಭಾಗ ಮಾಡಿ ಇನ್ನೊಂದರ ಎರಡೂ ಬದಿಗೆ ಇರಿಸಿ ಮೌಲ್ಯವನ್ನು ತಗ್ಗಿಸುವುದು, ಅಥವಾ ಮೂರನೆಯ ಸುರುಳಿಯೊಡನೆ ಪ್ರತ್ಯೇಕ ರಿಯಾಕ್ಟರನ್ನು ಸರಣಿಯಲ್ಲಿ ಜೋಡಿಸಿ ಅದರ ಮೌಲ್ಯವನ್ನಷ್ಟೇ ಏರಿಸುವುದು. ರಿಯಾಕ್ಟರಿನ ದಾರಿ ಸರಳವೆನಿಸಿದರೂ ಅದಕ್ಕೂ ಜಾಗ, ಹಣ, ನಷ್ಟಗಳಿವೆ. ಒಟ್ಟಿನಲ್ಲಿ ಮೂರೂ ಮೌಲ್ಯಗಳನ್ನು ಕಟ್ಟುನಿಟ್ಟಾಗಿ ಬರೆಯುವ ಮೊದಲು ತಯಾರಕರೊಡನೆ ಒಮ್ಮೆ ಸಮಾಲೋಚಿಸುವುದು ಸೂಕ್ತ. ಯಾವ ಜೋಡಿ ತಮಗೆ ಅತಿ ಮುಖ್ಯವೆಂಬುದನ್ನು ಮಾತ್ರ ಖರೀದಿದಾರರೇ ಹೇಳಬೇಕು.

ಅನುಮತಿಸಲಾದ ವ್ಯತ್ಯಾಸ

ಕೇಳಿದ ಮೌಲ್ಯವೇ ಕೂದಲೆಳೆಯಷ್ಟೂ ಬದಲಾಗದೆ ಬರುವುದಿಲ್ಲ. ಭಾರತೀಯ ಮಾನಕ ಐ.ಎಸ್. 2026ರ ಪ್ರಕಾರ, ಪ್ರತ್ಯೇಕ ಸುರುಳಿಗಳ ಮೊದಲನೆಯ ಜೋಡಿಗೆ ಮುಖ್ಯ ಟ್ಯಾಪಿನಲ್ಲಿ, ಇಂಪೀಡೆನ್ಸ್ ಶೇ. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋಷಿತ ಮೌಲ್ಯದ ಶೇ. 7.5ರಷ್ಟು, ಅದಕ್ಕಿಂತ ಕಡಿಮೆಯಿದ್ದರೆ ಶೇ. 10ರಷ್ಟು ಹೆಚ್ಚು ಕಡಿಮೆ ಆಗಬಹುದು. ಎರಡನೆಯ ಜೋಡಿಗೆ ಶೇ. 10. ಅದಕ್ಕಿಂತ ಮುಂದಿನ ಜೋಡಿಗಳಿಗೆ ಖರೀದಿದಾರರೂ ತಯಾರಕರೂ ಒಪ್ಪಿಕೊಂಡಂತೆ, ಆದರೆ ಶೇ. 15ಕ್ಕಿಂತ ಬಿಗಿಯಾಗಿ ಅಲ್ಲ. ಯಾವುದು ‘ಮೊದಲನೆಯ ಜೋಡಿ’ ಎಂಬುದನ್ನು ಆದೇಶದಲ್ಲಿ ಹೇಳಬೇಕಾದವರು ಖರೀದಿದಾರರು. ಹೇಳದಿದ್ದಲ್ಲಿ, ತಮಗೆ ಮುಖ್ಯವಾದ ಜೋಡಿಯೇ ಸಡಿಲ ಮಿತಿಯ ಪಾಲಿಗೆ ಬೀಳಬಹುದು.

ಬ್ರೇಕರಿನ ಲೆಕ್ಕವನ್ನು ಘೋಷಿತ ಮೌಲ್ಯಕ್ಕೆ ಮಾಡದೆ, ಅನುಮತಿಸಲಾದ ಅತಿ ಕಡಿಮೆ ಮೌಲ್ಯಕ್ಕೆ ಮಾಡತಕ್ಕದ್ದು. ಶೇ. 9 ಘೋಷಿಸಿದ್ದರೆ ಶೇ. 8.1 ಬರಬಹುದು, ಮೇಲಿನ ಪರಿವರ್ತಕದಲ್ಲಿ ಆಗ ಪ್ರವಾಹ 24,300ರ ಬದಲು ಸುಮಾರು 27,000 ಆಂಪಿಯರ್ ಆಗುತ್ತದೆ. ವೋಲ್ಟೇಜ್ ಕುಸಿತದ ಲೆಕ್ಕಕ್ಕೆ ಇದಕ್ಕೆ ವಿರುದ್ಧವಾಗಿ ಅತಿ ಹೆಚ್ಚಿನ ಮೌಲ್ಯವನ್ನು ಹಿಡಿಯಬೇಕು. ಟ್ಯಾಪ್ ಬದಲಿಸಿದಾಗಲೂ ಇಂಪೀಡೆನ್ಸ್ ಬದಲಾಗುವುದರಿಂದ, ಟ್ಯಾಪುಗಳ ವ್ಯಾಪ್ತಿ ದೊಡ್ಡದಿದ್ದಲ್ಲಿ ಎರಡು ಕೊನೆಯ ಟ್ಯಾಪುಗಳ ಮೌಲ್ಯಗಳನ್ನೂ ಕೇಳಿ ಪಡೆಯಬೇಕು.

ಶಾರ್ಟ್ ಸರ್ಕ್ಯೂಟಿನ ಬಲವನ್ನು ಪರಿವರ್ತಕ ತಾಳಿಕೊಳ್ಳುವುದೇ ಎಂಬ ಪರೀಕ್ಷೆ ಬೇರೆಯೇ ಆಗಿದ್ದು, ಐ.ಎಸ್. 2026ರ 5ನೇ ಭಾಗದಲ್ಲಿ ಅದರ ವಿವರಗಳಿವೆ. 1960ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಗಳಿಗೆ ಪ್ರಯೋಗಾಲಯವಿದೆ. ಬಹು ಸುರುಳಿಗಳ ಪರಿವರ್ತಕಕ್ಕೆ ಈ ಪರೀಕ್ಷೆಯ ವರದಿಯನ್ನು ನೀಡುವಾಗ ಯಾವ ಸುರುಳಿಯನ್ನು ಶಾರ್ಟ್ ಮಾಡಿ ಪರೀಕ್ಷಿಸಲಾಯಿತು ಎಂಬುದನ್ನು ನೋಡಿಕೊಳ್ಳಬೇಕು. ಎಲ್ಲ ಕಡಿಮೆ ವೋಲ್ಟೇಜ್ ಸುರುಳಿಗಳನ್ನು ಒಟ್ಟಿಗೆ ಶಾರ್ಟ್ ಮಾಡಿದಾಗ ಬಲ ಸಮನಾಗಿ ಹಂಚಿಹೋಗುತ್ತದೆ. ಒಂದನ್ನೇ ಶಾರ್ಟ್ ಮಾಡಿದಾಗ ಮೇಲಣ ಅರ್ಧ ಮಾತ್ರ ಅಥವಾ ಕೆಳಗಣ ಅರ್ಧ ಮಾತ್ರ ಹೊರೆಗೊಳಗಾಗಿ, ಸುರುಳಿಗಳನ್ನು ಮೇಲಕ್ಕೋ ಕೆಳಕ್ಕೋ ದೂಡುವ ಬಲ ಉಂಟಾಗುತ್ತದೆ. ಕ್ಷೇತ್ರದಲ್ಲಿ ಸಂಭವಿಸುವ ದೋಷಗಳು ಸಾಮಾನ್ಯವಾಗಿ ಈ ಎರಡನೆಯ ಬಗೆಯವು.

ಅರ್ಜಿಯೊಂದಿಗೆ ಒದಗಿಸಬೇಕಾದ ವಿವರಗಳು

ವಿದ್ಯುಚ್ಛಕ್ತಿ ಅಧಿನಿಯಮ, 2003 ಹಾಗೂ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2023ರಲ್ಲಿ ಹೊರಡಿಸಿದ ಸುರಕ್ಷತೆ ಹಾಗೂ ವಿದ್ಯುತ್ ಸರಬರಾಜು ಕ್ರಮಗಳ ವಿನಿಯಮಗಳ ಮೇರೆಗೆ, ಅಧಿಸೂಚಿತ ಮಿತಿಗಿಂತ ಹೆಚ್ಚಿನ ವೋಲ್ಟೇಜಿನ ಸ್ಥಾವರಗಳಿಗೆ ವಿದ್ಯುತ್ ಹರಿಸುವ ಮುನ್ನ ವಿದ್ಯುತ್ ಪರಿವೀಕ್ಷಕರ ಅನುಮೋದನೆ ಅಗತ್ಯ. ಬಹು ಸುರುಳಿಗಳ ಪರಿವರ್ತಕವಿದ್ದಲ್ಲಿ ಪ್ರತಿ ಸುರುಳಿಯ ವೋಲ್ಟೇಜು ಹಾಗೂ ಕೆ.ವಿ.ಎ., ಸಂಬಂಧಪಟ್ಟ ಎಲ್ಲ ಜೋಡಿಗಳ ಇಂಪೀಡೆನ್ಸ್, ಪ್ರತಿಯೊಂದರ ಎದುರು ಆಧಾರ ಕೆ.ವಿ.ಎ., ಅಳೆಯುವಾಗ ಉಳಿದ ಸುರುಳಿಗಳು ತೆರೆದಿದ್ದವೇ ಅಥವಾ ಒಟ್ಟಿಗೆ ಶಾರ್ಟ್ ಆಗಿದ್ದವೇ ಎಂಬುದು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದರೆ ಸ್ಪಷ್ಟೀಕರಣದ ಪತ್ರವ್ಯವಹಾರ ಬಹುಪಾಲು ತಪ್ಪುತ್ತದೆ. ಪರಿವರ್ತಕದ ಮಾಹಿತಿ ಫಲಕದಲ್ಲಿಯೂ ಜೋಡಿವಾರು ಮೌಲ್ಯಗಳನ್ನು ಆಧಾರ ಸಾಮರ್ಥ್ಯದೊಂದಿಗೆ ಕೆತ್ತಿರಬೇಕೆಂದು ಮಾನಕವು ಹೇಳುತ್ತದೆ. ಫಲಕದಲ್ಲಿ ಒಂದೇ ಅಂಕಿಯಿದ್ದರೆ ಕಾರ್ಖಾನೆಯಿಂದ ಹೊರಡುವ ಮೊದಲೇ ತಯಾರಕರ ಗಮನಕ್ಕೆ ತರುವುದು ಒಳಿತು.

ನಕ್ಷೆಗಳ ಅನುಮೋದನೆಯ ಹಂತದಲ್ಲಿ ಪರಿವರ್ತಕ ಇನ್ನೂ ತಯಾರಾಗಿರುವುದಿಲ್ಲವಾದ್ದರಿಂದ ಆಗ ಘೋಷಿತ ಮೌಲ್ಯಗಳನ್ನು ನೀಡಿದರೆ ಸಾಕು. ಕಾರ್ಖಾನೆಯ ಪರೀಕ್ಷಾ ವರದಿ ಕೈಸೇರಿದ ನಂತರ ಅಳೆದ ಮೌಲ್ಯಗಳನ್ನು ಘೋಷಿತ ಮೌಲ್ಯಗಳೊಂದಿಗೆ ಹೋಲಿಸಿ ನೋಡಿ, ಯಾವುದೇ ಜೋಡಿ ಮಿತಿಯನ್ನು ಮೀರಿದ್ದಲ್ಲಿ ಬ್ರೇಕರುಗಳ ಪರಿಷ್ಕೃತ ಲೆಕ್ಕವನ್ನು ಪರಿವೀಕ್ಷಣೆಗೆ ದಿನಾಂಕ ಕೋರುವ ಪತ್ರದೊಂದಿಗೇ ಸಲ್ಲಿಸುವುದು.